ಕಾಗ್ನಿಟಿವ್ ರೇಡಿಯೋ ಓದಿದರೆ ಕೆಲಸ ಇದೆಯಾ? ನಮ್ಮ ಕಡೆಗೆ ಉಪಯೋಗ ಇದೆಯಾ?

ಹೊಸನಗರ ತೋಟದ ಮನೆ:
ಮಗಳು ಶಿವಮೊಗ್ಗದಲ್ಲಿ ಎಲೆಕ್ಟ್ರಾನಿಕ್ಸ್ ಕೊನೇ ವರ್ಷ. ಪ್ರಾಜೆಕ್ಟಿಗೆ ಕಾಗ್ನಿಟಿವ್ ರೇಡಿಯೋ ತಗೊಳ್ಳುತ್ತೇನೆ ಅನ್ನುತ್ತಾಳೆ. ಅದರ ಮಾರುಕಟ್ಟೆ ಬೆಳೆಯುತ್ತಿದೆಯಂತೆ. ನಮ್ಮ ಮನೆ ಎರಡು ಗುಡ್ಡದ ನಡುವೆ. ಫೋನ್ ಮಾಡಬೇಕಂದರೆ ತೋಟದ ಮೇಲಿನ ಧರೆ ಹತ್ತಬೇಕು. ಲಾಕ್‌ಡೌನ್‌ನಲ್ಲಿ ಅವಳು ಪಾಠ ಕೇಳಿದ್ದೂ ಅಲ್ಲೇ, ಕೊಡೆ ಹಿಡಿದುಕೊಂಡು. ಈ ವಿದ್ಯೆಗೆ ನಿಜವಾಗಿ ಕೆಲಸ ಸಿಗುತ್ತಾ? ನಮ್ಮಂಥ ಊರಿಗೆ ಬರುತ್ತಾ?

ತೀರ್ಥಹಳ್ಳಿಯವನು, ಈಗ ಬೆಂಗಳೂರು:
ಅಣ್ಣಾ, ನಾನು ಹನ್ನೆರಡು ವರ್ಷದಿಂದ ವೈರ್‌ಲೆಸ್ ಕೆಲಸದಲ್ಲಿದ್ದೇನೆ. ಧೈರ್ಯವಾಗಿ ತಗೊಳ್ಳಲಿ.

ಯಾರದೋ ಬೇಣ ಖಾಲಿ ಇದ್ದಾಗ ನಮ್ಮ ದನ ಮೇಯಿಸಿ, ಅವರ ದನ ಬಂದ ಕೂಡಲೇ ಎಬ್ಬಿಸಿಕೊಂಡು ಹೋಗುತ್ತೇವಲ್ಲ, ಇದೂ ಹಾಗೇ. ಒಬ್ಬರಿಗೆ ಕೊಟ್ಟ ತರಂಗ ಖಾಲಿ ಇದೆಯಾ ಅಂತ ರೇಡಿಯೋ ತಾನೇ ನೋಡಿ ಬಳಸುತ್ತದೆ. 1999ರಲ್ಲಿ ಜೋಸೆಫ್ ಮಿಟೋಲಾ ಮತ್ತು ಮಗ್ವಾಯರ್ ಎಂಬ ಸಂಶೋಧಕರು ಬರೆದ ಲೇಖನದಿಂದ ಈ ಹೆಸರು ಬಂತು. ಖಾಲಿ ಟಿವಿ ತರಂಗದಲ್ಲಿ ಇಂಟರ್ನೆಟ್ ಕೊಡಲು, ಹಳ್ಳಿಗಳಿಗೆ ಅಂತಲೇ 2011ರಲ್ಲಿ 802.22 ಅನ್ನುವ ಸ್ಟ್ಯಾಂಡರ್ಡ್ ಬಂತು, ಆದರೆ ಅದರ ಉಪಕರಣ ಅಷ್ಟಾಗಿ ಮಾರಾಟ ಆಗಲಿಲ್ಲ.

ದುಡ್ಡು ಓಡಾಡುತ್ತಿರುವುದು ಬೇರೆ ಕಡೆ. ಒಂದು, ಸೈನ್ಯದ ರೇಡಿಯೋ. ಇನ್ನೊಂದು, ಅಮೆರಿಕದ ಸಿಬಿಆರ್‌ಎಸ್, ಅಂದರೆ ಒಂದೇ ತರಂಗವನ್ನು ಹಲವರು ಹಂಚಿಕೊಂಡು ಬಳಸುವ ವ್ಯವಸ್ಥೆ. ಅಲ್ಲಿ 3550ರಿಂದ 3700 ಮೆಗಾಹರ್ಟ್ಸ್‌ನಲ್ಲಿ ಮೊದಲ ಹಕ್ಕು ನೌಕಾಪಡೆಯ ರಾಡಾರ್‌ಗೆ. ಉಳಿದ ಜಾಗ ಫೋನ್ ಕಂಪನಿ, ಫ್ಯಾಕ್ಟರಿ, ಬಂದರು, ಕಾಲೇಜು ಮುಂತಾದವರಿಗೆ. 2020ರ ಹರಾಜಿನಲ್ಲಿ ಇದರ ಲೈಸೆನ್ಸ್‌ಗಳೇ 4.5 ಬಿಲಿಯನ್ ಡಾಲರ್ ದಾಟಿದವು.

ಕಷ್ಟದ ಭಾಗ ಅಂದರೆ ನಿಮ್ಮ ಮನೆಯಂಥ ಜಾಗವೇ. ತಗ್ಗಿನಲ್ಲಿ ಕೂತ ಸೆಟ್ಟಿಗೆ ಗುಡ್ಡದಾಚೆಯ ಟಿವಿ ಟವರ್ ಕೇಳಿಸುವುದಿಲ್ಲ. ಖಾಲಿ ಅಂದುಕೊಂಡು ಅದು ಮಾತಾಡಿದರೆ ಮೇಲಿನ ಮನೆಯವರ ಟಿವಿ ಚಿತ್ರ ಕೆಡುತ್ತದೆ. ಅದಕ್ಕೇ ಈಗ ಬರೀ ಕಿವಿ ನಂಬುವುದಿಲ್ಲ. ಯಾವ ಜಾಗದಲ್ಲಿ ಯಾವುದು ಖಾಲಿ ಅಂತ ಡೇಟಾಬೇಸ್ ಕೇಳಿಯೇ ಹೆಜ್ಜೆ ಇಡುತ್ತಾರೆ. ಈ ಸಾಫ್ಟ್‌ವೇರ್ ಬರೆಯುವವರಿಗೆ ಕೆಲಸ ಇದೆ.

ಸಾಗರದ ಹುಡುಗಿ:
ನಾನು ಮೂರು ಸಾವಿರದೊಳಗೆ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸಿ ತರಂಗ ಕೇಳುವ ಪುಟ್ಟ ಸಾಧನ) ತರಿಸಿ, ಮನೆಯ ಅಟ್ಟದಲ್ಲಿ ಕೂತು ನೋಡಿದ್ದೆ. ಎಫ್‌ಎಂ ಹತ್ತಿರ ಪರದೆಯ ಮೇಲೆ ಸ್ಟೇಷನ್‌ಗಳ ಹಳದಿ ಗೆರೆಗಳು ಎದ್ದು ಕಾಣುತ್ತಿದ್ದವು. 470ರಿಂದ 590 ಮೆಗಾಹರ್ಟ್ಸ್‌ಗೆ ಹೋದರೆ ಇಡೀ ಪರದೆ ನೀಲಿ, ಏನೂ ಇಲ್ಲ! ಇದು ದೂರದರ್ಶನಕ್ಕೆ ಅಂತ ಇಟ್ಟ ಜಾಗ. ದೇಶದಲ್ಲಿ ಬಹುಪಾಲು ಖಾಲಿ ಅಂತ ಐಐಟಿ ಬಾಂಬೆಯವರೂ ಲೆಕ್ಕ ಹಾಕಿದ್ದಾರೆ, ಪಾಲ್ಘರ್ ಹಳ್ಳಿಗಳಲ್ಲಿ ಪ್ರಯೋಗವೂ ಮಾಡಿದ್ದಾರೆ.

ನಮಗೆ ಇದು ಯಾಕೆ ಮುಖ್ಯ ಅಂದರೆ ಮರ. ಮನೆಯಿಂದ ಚಿಕ್ಕಪ್ಪನ ಮನೆಗೆ 5 ಗಿಗಾಹರ್ಟ್ಸ್ ವೈಫೈ ಎಳೆದಿದ್ದೆವು. ಜೂನ್ ಮಳೆ ಹಿಡಿದು ಎಲೆ ಒದ್ದೆ ಆಗಿದ್ದೇ ತಡ, ನಿಂತುಹೋಯಿತು. ಆ ತರಂಗದ ಉದ್ದ ಬರೀ 6 ಸೆಂಟಿಮೀಟರ್. 500 ಮೆಗಾಹರ್ಟ್ಸ್‌ನದು 60 ಸೆಂಟಿಮೀಟರ್, ಸೊಪ್ಪಿನ ನಡುವೆ ಎಷ್ಟೋ ಚೆನ್ನಾಗಿ ನುಸುಳುತ್ತದೆ. ಅಷ್ಟು ಜಾಗ ಸುಮ್ನೆ ಬಿದ್ದಿರುವಾಗ ನಾವು ಧರೆ ಹತ್ತುವುದು ಅಂದರೆ ಹೊಟ್ಟೆ ಉರಿಯುತ್ತದೆ.

ಒಂದು ಮಾತು: ಅವಳು ಕೇಳುವುದಷ್ಟೇ ಮಾಡಲಿ. ಆ ತರಂಗಗಳಲ್ಲಿ ಪ್ರಸಾರ ಮಾಡಲು ಲೈಸೆನ್ಸ್ ಬೇಕು.

ಹೊಸನಗರ ತೋಟದ ಮನೆ:
ಅವಳಿಗೆ ಓದಿ ಹೇಳಿದೆ, ತುಂಬಾ ಖುಷಿಪಟ್ಟಳು. ಡಾಂಗಲ್ ತರಿಸುತ್ತೇವೆ. ಆಂಟೆನಾ ಧರೆ ಮೇಲೆ ಇಡಬೇಕಾ, ಮನೆ ಹತ್ತಿರವಾ?

ತೀರ್ಥಹಳ್ಳಿಯವನು, ಈಗ ಬೆಂಗಳೂರು:
ಎರಡೂ ಕಡೆ ಅಣ್ಣಾ. ಒಂದೇ ದಿನ, ಅದೇ ಆಂಟೆನಾ. ಧರೆ ಮೇಲೆ ಕೇಳಿಸಿ ಮನೆ ಹತ್ತಿರ ಕೇಳಿಸದ ಸ್ಟೇಷನ್ ಯಾವುದು ಅಂತ ಬರೆದಿಡಲಿ. ಟಿವಿ ಸಿಗದಿದ್ದರೆ ಎಫ್‌ಎಂ ಆದರೂ ನಡೆಯುತ್ತದೆ. ಮಳೆಗಾಲದಲ್ಲಿ ಇನ್ನೊಂದು ಸಲ ಮಾಡಲಿ.