ಜರ್ಮನಿ ಪಾರ್ಟಿ ರೋಹ್ಸ್ ಡಿಕ್ಲರೇಶನ್ ಕೇಳ್ತಿದಾರೆ, ಒಂದು ಲ್ಯಾಬ್ ರಿಪೋರ್ಟ್ ಕೊಟ್ರೆ ಸಾಕಾ?

ಪೀಣ್ಯಬೋರ್ಡ್
ಎಲ್ರಿಗೂ ನಮಸ್ಕಾರ. ನಮ್ದು ಪೀಣ್ಯದಲ್ಲಿ ಸಣ್ಣ ಯೂನಿಟ್, ಇಂಡಸ್ಟ್ರಿಯಲ್ ಓವನ್‌ಗೆ ಹಾಕೋ ಟೆಂಪರೇಚರ್ ಕಂಟ್ರೋಲರ್ ಮಾಡ್ತೀವಿ. ಇಷ್ಟು ದಿನ ಇಲ್ಲೇ ಮಷಿನ್ ಮಾಡೋರಿಗೆ ಕೊಡ್ತಿದ್ವಿ, ಈಗ ಜರ್ಮನಿಯ ಒಬ್ಬ ಬಯ್ಯರ್ ಸ್ಯಾಂಪಲ್ ಓಕೆ ಮಾಡಿದಾನೆ, ಆದ್ರೆ ಆರ್ಡರ್ ಹಾಕೋಕೆ ಮುಂಚೆ ರೋಹ್ಸ್ (ಎಲೆಕ್ಟ್ರಾನಿಕ್ ಐಟಂಗಳಲ್ಲಿ ವಿಷಕಾರಿ ವಸ್ತುಗಳಿಗೆ ಮಿತಿ ಹಾಕೋ ಯೂರೋಪಿನ ಕಾನೂನು) ಡಿಕ್ಲರೇಶನ್, ಟೆಕ್ನಿಕಲ್ ಫೈಲ್, ರೀಚ್ (ಯೂರೋಪಿನ ಕೆಮಿಕಲ್ ಕಾನೂನು) ಡಿಕ್ಲರೇಶನ್ ಎಲ್ಲಾ ಬೇಕು ಅಂತ ಉದ್ದ ಮೇಲ್ ಹಾಕಿದಾನೆ. ಇಲ್ಲೊಬ್ರು ಕನ್ಸಲ್ಟೆಂಟ್ ಒಂದು ಪೀಸ್ ಕೊಡಿ, ಲ್ಯಾಬಲ್ಲಿ ಪುಡಿ ಮಾಡಿ ಟೆಸ್ಟ್ ಮಾಡ್ಸಿ ಸರ್ಟಿಫಿಕೇಟ್ ತಂದ್ಕೊಡ್ತೀನಿ ಅಂತಿದಾರೆ. ಅಷ್ಟು ಸಾಕಾ? ನಾವೀಗ ಹಾಕ್ತಿರೋದು 63/37 ಸೋಲ್ಡರ್ (63% ತವರ, 37% ಲೆಡ್ ಅಂದ್ರೆ ಸೀಸ), ಅದನ್ನ ಬದ್ಲಾಯಿಸ್ಬೇಕು ಅಂತ ಗೊತ್ತು. ಬೇರೆ ಏನೇನು ನೋಡ್ಬೇಕು, ಮಾಡಿರೋರು ಯಾರಾದ್ರೂ ಹೇಳಿ.

ಕೆಂಗೇರಿ ಕಂಪನ
ಗುರು ಅಷ್ಟೊಂದು ತಲೆ ಕೆಡಿಸ್ಕೊಬೇಡ. ಎಕ್ಸ್‌ಆರ್‌ಎಫ್ ಗನ್ (ಎಕ್ಸ್-ರೇ ಬಿಟ್ಟು ಯಾವ ಮೂಲವಸ್ತು ಇದೆ ಅಂತ ಹೇಳೋ ಮಷಿನ್) ಇರೋ ಲ್ಯಾಬ್‌ಗೆ ಹೋಗಿ ಬೋರ್ಡ್ ಮೇಲೆ ನಾಲ್ಕು ಕಡೆ ಹೊಡ್ಸು, ಲೆಡ್ ಕಾಣ್ಲಿಲ್ಲ ಅಂದ್ರೆ ರಿಪೋರ್ಟ್ ಕಳ್ಸು, ಮುಗೀತು.

ಕ್ವಾಲಿಟಿ ಅಕ್ಕ
ಮೇಲಿನ ಸಲಹೆ ದಯವಿಟ್ಟು ಕೇಳ್ಬೇಡಿ. ಪುಡಿ ಮಾಡ್ಸೋದಂತೂ ಬೇಡವೇ ಬೇಡ. ಲಿಮಿಟ್ ಇರೋದು ಇಡೀ ಪ್ರಾಡಕ್ಟ್‌ನ ತೂಕಕ್ಕಲ್ಲ, ಅದರೊಳಗಿನ ಒಂದೊಂದು ಮೆಟೀರಿಯಲ್‌ಗೂ ಬೇರೆ ಬೇರೆ. ಬಿಚ್ಚಿ, ಕತ್ತರಿಸಿ, ಉಜ್ಜಿ ಇನ್ನೂ ಬೇರೆ ಮಾಡೋಕಾಗಲ್ಲ ಅನ್ನೋ ಹಂತದವರೆಗೂ ಹೋಗ್ಬೇಕು. ಒಂದು ವೈರ್ ತಗೊಂಡ್ರೆ ಒಳಗಿನ ತಾಮ್ರ ಒಂದು, ಅದರ ಮೇಲಿನ ತವರದ ಲೇಪನ ಇನ್ನೊಂದು, ಪಿವಿಸಿ ಮತ್ತೊಂದು. ಎಲ್ಲಾ ಸೇರಿಸಿ ರುಬ್ಬಿದ್ರೆ ಒಂದು ಕೆಟ್ಟ ಸ್ಕ್ರೂ ಡಬ್ಬಿಯ ಪ್ಲಾಸ್ಟಿಕ್ ತೂಕದಲ್ಲಿ ಮುಚ್ಚೋಗುತ್ತೆ, ರಿಪೋರ್ಟ್ ಪಾಸ್ ಅಂತಾನೇ ಬರುತ್ತೆ, ಅದಕ್ಕೆ ಬೆಲೆ ಇಲ್ಲ.

ಈಗಿರೋ ಕಾನೂನು 2011/65/ಇಯು ಡೈರೆಕ್ಟಿವ್. ಲೆಡ್, ಮರ್ಕ್ಯುರಿ, ಹೆಕ್ಸಾವೇಲೆಂಟ್ ಕ್ರೋಮಿಯಂ (ಕ್ರೋಮಿಯಂನ ವಿಷಕಾರಿ ರೂಪ), ಪಿಬಿಬಿ, ಪಿಬಿಡಿಇ (ಬ್ರೋಮಿನ್ ಇರೋ ಫ್ಲೇಮ್ ರಿಟಾರ್ಡೆಂಟ್‌ಗಳು), ಇವು 0.1%, ಕ್ಯಾಡ್ಮಿಯಂ ಮಾತ್ರ 0.01%. ಆಮೇಲೆ 2015ರಲ್ಲಿ ನಾಲ್ಕು ಥ್ಯಾಲೇಟ್ (ಪ್ಲಾಸ್ಟಿಕ್ ಮೆತ್ತಗಾಗೋಕೆ ಹಾಕೋ ಕೆಮಿಕಲ್) ಸೇರ್ಸಿದ್ರು, ಡಿಇಎಚ್‌ಪಿ, ಬಿಬಿಪಿ, ಡಿಬಿಪಿ, ಡಿಐಬಿಪಿ, ಅವೂ 0.1%. ನಿಮ್ಮ ಕಂಟ್ರೋಲರ್ ಇಂಡಸ್ಟ್ರಿಯಲ್ ಮಾನಿಟರಿಂಗ್ ಅಂಡ್ ಕಂಟ್ರೋಲ್ ಅನ್ನೋ ಒಂಬತ್ತನೇ ಕೆಟಗರಿಗೆ ಬರುತ್ತೆ. ಅದಕ್ಕೆ ಮೊದಲು ವಿನಾಯ್ತಿ ಇತ್ತು, 2017ರ ಜುಲೈ 22ರಿಂದ ಹಳೆ ಆರು, 2021ರ ಜುಲೈ 22ರಿಂದ ಥ್ಯಾಲೇಟ್‌ಗಳೂ ಲಾಗೂ ಆಗಿವೆ. ಇಂಡಸ್ಟ್ರಿಯಲ್ ಐಟಂಗೆ ರೋಹ್ಸ್ ಇಲ್ಲ ಅಂತ ಹಳೇ ಕಾಲದವರು ಯಾರಾದ್ರೂ ಹೇಳಿದ್ರೆ ನಂಬ್ಬೇಡಿ.

ಇನ್ನು ಎಕ್ಸ್‌ಆರ್‌ಎಫ್ ಗನ್ ವಿಷ್ಯ. ಅದು ಕ್ರೋಮಿಯಂ ಎಷ್ಟಿದೆ ಅಂತ ಹೇಳುತ್ತೆ, ಹೆಕ್ಸಾವೇಲೆಂಟಾ ಟ್ರೈವೇಲೆಂಟಾ ಹೇಳಲ್ಲ. ಬ್ರೋಮಿನ್ ಇದೆ ಅನ್ನುತ್ತೆ, ಅದು ಬ್ಯಾನ್ ಆಗಿರೋ ಪಿಬಿಡಿಇನಾ ಅಥವಾ ಮಾಮೂಲಿ ಎಫ್‌ಆರ್-4 ಬೋರ್ಡಲ್ಲಿ ಇರೋ ಬೇರೆ ಫ್ಲೇಮ್ ರಿಟಾರ್ಡೆಂಟಾ ಗೊತ್ತಾಗಲ್ಲ. ಥ್ಯಾಲೇಟ್ ಅಂತೂ ಅದಕ್ಕೆ ಕಾಣೋದೇ ಇಲ್ಲ, ಜಿಸಿ-ಎಂಎಸ್ ಅನ್ನೋ ಲ್ಯಾಬ್ ಟೆಸ್ಟ್ ಬೇಕು. ಡೌಟ್ ಇರೋ ಪಾರ್ಟ್ ಬೇಗ ಹಿಡಿಯೋಕೆ ಒಳ್ಳೆ ಮಷಿನ್, ಅಷ್ಟೇ.

ಪೀಣ್ಯಬೋರ್ಡ್
ತುಂಬಾ ಥ್ಯಾಂಕ್ಸ್ ಮೇಡಂ. ಆದ್ರೆ ನಮ್ ಬಿಓಎಂನಲ್ಲಿ (ಬಿಡಿಭಾಗಗಳ ಪಟ್ಟೀಲಿ) ನೂರಕ್ಕೂ ಜಾಸ್ತಿ ಐಟಂ ಇದೆ, ಎಲ್ಲಾ ಟೆಸ್ಟ್ ಮಾಡ್ಸಿದ್ರೆ ಆರ್ಡರ್ ಲಾಭ ಲ್ಯಾಬ್‌ಗೇ ಹೋಗುತ್ತಲ್ಲ?

ಕ್ವಾಲಿಟಿ ಅಕ್ಕ
ಎಲ್ಲಾ ಟೆಸ್ಟ್ ಮಾಡ್ಸಿ ಅಂತ ಯಾರೂ ಕೇಳಲ್ಲ. ಫೈಲ್ ಹೇಗಿರ್ಬೇಕು ಅಂತ ಇಎನ್ ಐಇಸಿ 63000 ಸ್ಟ್ಯಾಂಡರ್ಡ್ ಇದೆ, ಅದರ ಪ್ರಕಾರ ಪಾರ್ಟ್ ಯಾವುದು, ಸಪ್ಲೈಯರ್ ಎಷ್ಟು ನಂಬಿಕಸ್ತ ಅಂತ ನೋಡಿ ನೀವೇ ರಿಸ್ಕ್ ತೂಗಿ ಬರೀಬೇಕು. ಐಸಿ, ರೆಸಿಸ್ಟರ್, ಕೆಪಾಸಿಟರ್ ದೊಡ್ಡ ಮೇಕರ್‌ದಾಗಿದ್ರೆ ಅವರ ಸೈಟಲ್ಲೇ ಪಾರ್ಟ್ ನಂಬರ್ ಹೆಸರಲ್ಲಿ ಮೆಟೀರಿಯಲ್ ಡಿಕ್ಲರೇಶನ್ ಸಿಗುತ್ತೆ, ಇಳಿಸಿ ಇಟ್ಕೊಳ್ಳಿ. ಟೆಸ್ಟ್ ದುಡ್ಡು ಖರ್ಚು ಮಾಡ್ಬೇಕಿರೋದು ಎಸ್‌ಪಿ ರೋಡ್ ಎಲೆಕ್ಟ್ರಾನಿಕ್ಸ್ ಮಾರ್ಕೆಟಲ್ಲಿ ಬಿಲ್ ಜೊತೆ ಬೇರೇನೂ ಕೊಡದೆ ತಂದಿರೋ ಮಾಲಿಗೆ.

ನಿಮ್ಮಂಥ ಪ್ರಾಡಕ್ಟಲ್ಲಿ ನಾನು ಮೊದಲು ಕೈ ಇಡೋದು ರಿಲೇ ಮೇಲೆ. ಹಳೆ ಡಿಸೈನ್ ರಿಲೇಗಳ ಕಾಂಟ್ಯಾಕ್ಟ್ ಸಿಲ್ವರ್ ಕ್ಯಾಡ್ಮಿಯಂ ಆಕ್ಸೈಡ್ ಇರುತ್ತೆ. ಕಾಂಟ್ಯಾಕ್ಟ್‌ಗಳಿಗೆ ಎಕ್ಸೆಂಪ್ಶನ್ (ವಿನಾಯ್ತಿ) ಕೊಟ್ಟಿದ್ರು, ಆದ್ರೆ ಅದನ್ನ ಹಿಡ್ಕೊಂಡು ಕೂರೋದಕ್ಕಿಂತ ಸಿಲ್ವರ್ ಟಿನ್ ಆಕ್ಸೈಡ್ ಇರೋ ಪಾರ್ಟ್ ನಂಬರ್ ಹಾಕ್ಕೊಳ್ಳಿ. ಆಮೇಲೆ ಪಿವಿಸಿ ವೈರ್, ಸ್ಲೀವ್, ಗ್ರೋಮೆಟ್. ಮೆತ್ತಗಿರೋ ಪಿವಿಸಿ ಕಂಡ್ರೆ ಡಿಇಎಚ್‌ಪಿ ಅನುಮಾನ ಇಟ್ಕೊಳ್ಳಿ. ಹಳದಿ ಬಣ್ಣಕ್ಕೆ ತಿರುಗೋ ಜಿಂಕ್ ಪ್ಲೇಟಿಂಗ್ ಸ್ಕ್ರೂ, ಬ್ರಾಕೆಟ್‌ಗಳಲ್ಲಿ ಹೆಕ್ಸಾವೇಲೆಂಟ್ ಕ್ರೋಮ್ ಇರೋ ಸಾಧ್ಯತೆ ಜಾಸ್ತಿ, ಪ್ಲೇಟಿಂಗ್‌ನೋರ ಹತ್ರ ಟ್ರೈವೇಲೆಂಟ್ ಪ್ಯಾಸಿವೇಶನ್ ಅಂತ ಪಿಓನಲ್ಲೇ (ಪರ್ಚೇಸ್ ಆರ್ಡರಲ್ಲೇ) ಬರ್ಸಿ.

ಇನ್ನೊಂದು, ಇಲ್ಲಿನ ಸಪ್ಲೈಯರ್ "ರೋಹ್ಸ್ ಇದೆ ಸರ್" ಅಂದ್ರೆ ಎಷ್ಟು ಸಬ್‌ಸ್ಟೆನ್ಸ್‌ಗೆ ಅಂತ ಕೇಳಿ. ನಮ್ಮ ದೇಶದ ಇ-ವೇಸ್ಟ್ ರೂಲ್ಸಲ್ಲಿ ಇರೋದು ಹಳೆ ಆರೇ, ಥ್ಯಾಲೇಟ್ ಇಲ್ಲ. ಆ ಕಾಗದ ಯೂರೋಪಿಗೆ ಸಾಲಲ್ಲ.

ವೇವ್ ಸೋಲ್ಡರ್ ವೆಂಕಣ್ಣ
ಲೈನ್ ಕಡೆಯಿಂದ ನಾಲ್ಕು ಮಾತು. 63/37 ಕರಗೋದು 183 ಡಿಗ್ರಿಗೆ, ಎಸ್‌ಎಸಿ305 (ತವರ-ಬೆಳ್ಳಿ-ತಾಮ್ರದ ಲೆಡ್‌ಫ್ರೀ ಸೋಲ್ಡರ್) ಆದ್ರೆ 217 ದಾಟ್ಬೇಕು, ಬೆಳ್ಳಿ ಇರೋದ್ರಿಂದ ರೇಟೂ ಜಾಸ್ತಿ, ವೇವ್‌ಗೆ ತವರ-ತಾಮ್ರದ್ದು ಹಾಕಿದ್ರೆ ಸ್ವಲ್ಪ ಉಳಿಯುತ್ತೆ ಆದ್ರೆ ಅದು ಇನ್ನೂ ಮೇಲೆ, 227. ಈಗಿರೋ ಕನೆಕ್ಟರ್ ಪ್ಲಾಸ್ಟಿಕ್ ಆ ಬಿಸಿ ತಡೆಯುತ್ತಾ ಡೇಟಾಶೀಟ್ ನೋಡಿ. ಮುಖ್ಯ ವಿಷ್ಯ ಸೋಲ್ಡರ್ ಕರಗಿಸೋ ಪಾಟು, ಬಿಟ್ಟು, ಸ್ಪಾಂಜು ಎಲ್ಲಾ ಬೇರೆ ಇಡಿ ಸ್ವಾಮಿ. ಹಳೆ ಪಾಟಲ್ಲೇ ಲೆಡ್‌ಫ್ರೀ ಬಾರ್ ಹಾಕಿ ಕರಗಿಸ್ತೀವಿ ಅನ್ನೋರು ಇದಾರೆ, 0.1% ದಾಟೋಕೆ ಮೂಲೇಲಿ ಉಳಿದಿರೋ ಚೂರೇ ಸಾಕು. ಪಿಸಿಬಿನೂ ಲೆಡ್‌ಫ್ರೀ ಎಚ್‌ಎಎಸ್‌ಎಲ್ (ಬೋರ್ಡ್ ತಾಮ್ರದ ಮೇಲಿನ ಸೋಲ್ಡರ್ ಲೇಪನ) ಇಲ್ಲಾ ಗೋಲ್ಡ್ ಫಿನಿಶ್ ತರ್ಸಿ, ಬರೀ ಎಚ್‌ಎಎಸ್‌ಎಲ್ ಅಂತ ಆರ್ಡರ್ ಕೊಟ್ರೆ ಲೆಡ್ ಇರೋದೇ ಬರ್ಬೋದು. ಜಾಯಿಂಟ್ ಮಂಕಾಗಿ ಕಾಣುತ್ತೆ, ನಿಮ್ ಇನ್ಸ್‌ಪೆಕ್ಷನ್ ಹುಡುಗ್ರು ಡ್ರೈ ಸೋಲ್ಡರ್ ಅಂತ ಎಲ್ಲಾ ರಿಜೆಕ್ಟ್ ಮಾಡ್ತಾರೆ, ಮೊದ್ಲೇ ಹೇಳ್ಕೊಡಿ.

ಕೆಂಗೇರಿ ಕಂಪನ
ಸರಿ ಒಪ್ಕೊಂಡೆ ಮೇಡಂ, ಆದ್ರೆ ನಿಜವಾಗ್ಲೂ ಅಲ್ಲಿ ಯಾರು ಚೆಕ್ ಮಾಡ್ತಾರೆ?

ಹೊರದೇಶಿ ಹಾಸನ
ಮಾಡ್ತಾರೆ. ರೋಹ್ಸ್ ಜಾರಿಗೆ ಬರೋಕೂ ಮುಂಚೆ, 2001ರ ಕೊನೇಲಿ ನೆದರ್‌ಲೆಂಡ್ಸಲ್ಲಿ ಸೋನಿಯ ಪಿಎಸ್ ಒನ್ ಕೇಬಲಲ್ಲಿ ಕ್ಯಾಡ್ಮಿಯಂ ಜಾಸ್ತಿ ಇದೆ ಅಂತ 13 ಲಕ್ಷ ಕನ್ಸೋಲ್ ತಡೆದಿದ್ರು, ಅದೂ ಕ್ರಿಸ್‌ಮಸ್ ಸೀಸನಲ್ಲಿ. ಆ ಲೆವೆಲ್ ಕಂಪನಿಗೇ ಹಂಗಾದ್ಮೇಲೆ ಯೂರೋಪಿನ ಇಂಪೋರ್ಟರ್‌ಗಳು ಕಾಗದ ಇಲ್ದೆ ಮುಟ್ಟಲ್ಲ.

ರೀಚ್ ಬಗ್ಗೆ ಯಾರೂ ಹೇಳ್ಲಿಲ್ಲ. ಅದು ಬೇರೆ ಕಾನೂನು, ರೋಹ್ಸ್ ಪಾಸ್ ಆದ್ರೂ ಇದು ಬಾಕಿ ಇರುತ್ತೆ. ಉದಾಹರಣೆಗೆ ನಿಮ್ಮ ಬ್ರಾಸ್ ಟರ್ಮಿನಲ್. ತಾಮ್ರದ ಮಿಶ್ರಲೋಹದಲ್ಲಿ 4% ತನಕ ಲೆಡ್‌ಗೆ ರೋಹ್ಸಲ್ಲಿ 6(ಸಿ) ಎಕ್ಸೆಂಪ್ಶನ್ ಇದೆ, ಆದ್ರೆ 2018ರಿಂದ ಲೆಡ್ ರೀಚ್‌ನ ಎಸ್‌ವಿಎಚ್‌ಸಿ (ತುಂಬಾ ಅಪಾಯಕಾರಿ ವಸ್ತುಗಳ) ಲಿಸ್ಟಲ್ಲಿದೆ, ಆ ಟರ್ಮಿನಲ್ ತೂಕದಲ್ಲಿ 0.1% ಮೀರಿದ್ರೆ ಬಯ್ಯರ್‌ಗೆ ತಿಳಿಸ್ಲೇಬೇಕು. ಲೆಕ್ಕ ಆ ಬಿಡಿಭಾಗದ ಮೇಲೆ, ಇಡೀ ಕಂಟ್ರೋಲರ್ ಮೇಲಲ್ಲ, ಇದನ್ನ ಯೂರೋಪಿನ ಕೋರ್ಟ್ 2015ರಲ್ಲೇ ಹೇಳಿದೆ. 2021 ಜನವರಿ 5ರಿಂದ ಇಂಪೋರ್ಟರ್ ಅದನ್ನ ಸ್ಕಿಪ್ ಅನ್ನೋ ಯೂರೋಪಿನ ಡೇಟಾಬೇಸಲ್ಲಿ ಹಾಕ್ಬೇಕು, ಅದಕ್ಕೇ ನಿಮ್ಮನ್ನ ಕೇಳ್ತಿರೋದು. ಆ ಲಿಸ್ಟ್ 240 ದಾಟಿದೆ, ಸಾಮಾನ್ಯವಾಗಿ ವರ್ಷಕ್ಕೆರಡು ಸಲ ಬೆಳೆಯುತ್ತೆ, ಡಿಕ್ಲರೇಶನ್‌ನಲ್ಲಿ ಯಾವ ತಾರೀಖಿನ ಲಿಸ್ಟ್ ನೋಡಿದ್ದು ಅಂತ ಬರೀರಿ. ರೋಹ್ಸ್ ಎಕ್ಸೆಂಪ್ಶನ್‌ಗಳಿಗೂ ಎಕ್ಸ್‌ಪೈರಿ ಇರುತ್ತೆ, ಕಳಿಸೋ ಮುಂಚೆ ಒಂದ್ಸಲ ನೋಡ್ಕೊಳ್ಳಿ.

ಪೀಣ್ಯಬೋರ್ಡ್
ಕನ್ಸಲ್ಟೆಂಟ್‌ಗೆ ಬೇಡ ಅಂದ್ಬಿಟ್ಟೆ. ಬಿಓಎಂ ಎಕ್ಸೆಲ್‌ನಲ್ಲಿ ಡಿಕ್ಲರೇಶನ್ ಇದೆಯಾ, ರಿಸ್ಕ್ ಎಷ್ಟು ಅಂತ ಎರಡು ಕಾಲಂ ಸೇರ್ಸಿ ಶುರು ಮಾಡಿದೀನಿ. ಕೊನೇ ಡೌಟು, ಡಿಕ್ಲರೇಶನ್‌ಗೆ ಸಹಿ ಲ್ಯಾಬ್‌ನವ್ರು ಹಾಕ್ತಾರಾ ನಾನಾ?

ಕ್ವಾಲಿಟಿ ಅಕ್ಕ
ನೀವೇ. ಸಿಇ ಮಾರ್ಕ್ (ಯೂರೋಪಿನ ನಿಯಮ ಪಾಲಿಸಿದೀವಿ ಅನ್ನೋ ಗುರುತು) ಹಾಕೋ ಮ್ಯಾನುಫ್ಯಾಕ್ಚರರ್ ಜವಾಬ್ದಾರಿ ಅದು. ಫೈಲ್ ಮತ್ತು ಡಿಕ್ಲರೇಶನ್ 10 ವರ್ಷ ಇಟ್ಕೊಂಡಿರ್ಬೇಕು, ಆ ಎಕ್ಸೆಲ್‌ಗೆ ಬ್ಯಾಕಪ್ ಇಡಿ.