ಗೃಹಪ್ರವೇಶಕ್ಕೆ ಮುಂಚೆ ಮರದ ನೆಲ ಹಾಕಿಸಬಹುದಾ?

ಪ್ರಶ್ನೆ: ನಮಸ್ಕಾರ ಸರ್. ಮರದ ನೆಲ ಹಾಸುವ ಕೆಲಸದಲ್ಲಿ ನಿಮಗೆ 30 ವರ್ಷದ ಅನುಭವ ಇದೆ ಅಂತ ಗ್ರೂಪ್‌ನಲ್ಲಿ ಗೊತ್ತಾಯ್ತು. ಮಂಗಳೂರಿನಲ್ಲಿ ನಮ್ಮ ಹೊಸ ಮನೆ. ಶ್ರಾವಣದಲ್ಲಿ ಗೃಹಪ್ರವೇಶ. ನೆಲಕ್ಕೆ ಸಿಮೆಂಟ್ ಹಾಕಿ 15 ದಿನ ಆಯ್ತು. ಬೆಡ್‌ರೂಮಿಗೆ ಯಾವ ಮರ ಒಳ್ಳೆಯದು?

ಉತ್ತರ: ಮೇಡಂ, ಮರದ ಮಾತು ಆಮೇಲೆ. 15 ದಿನದ ಸಿಮೆಂಟಿನ ಮೇಲೆ ಎಂಥ ಮರ ಹಾಕಿದರೂ ಕೆಡುತ್ತದೆ. ಮೇಲೆ ಒಣಗಿದ ಹಾಗೆ ಕಾಣುತ್ತದೆ, ಒಳಗೆ ನೀರು ಹಾಗೇ ಇರುತ್ತದೆ. ಒಂದು ಇಂಚು ದಪ್ಪಕ್ಕೆ ಒಂದು ತಿಂಗಳು ಅನ್ನೋದು ನಮ್ಮ ಲೆಕ್ಕ. ನಿಮ್ಮ ಕಡೆಯ ಮಳೆಗಾಲದಲ್ಲಿ ಅದೂ ಸಾಲದು.

ನೀವೇ ನೋಡಬೇಕಾದರೆ 2 ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕಿಟ್ಟು ನಾಲ್ಕೂ ಬದಿಗೆ ಟೇಪ್ ಅಂಟಿಸಿ. ಒಂದು ಹಗಲು ಒಂದು ರಾತ್ರಿ ಬಿಟ್ಟು ತೆಗೆಯಿರಿ. ಹನಿ ಕೂತಿದ್ದರೆ, ಸಿಮೆಂಟ್ ಕಪ್ಪಾಗಿದ್ದರೆ ಕೆಲಸ ಶುರು ಮಾಡಿಸಬೇಡಿ. ಹನಿ ಇಲ್ಲ ಅಂದ ಮಾತ್ರಕ್ಕೆ ಒಣಗಿದೆ ಅಂತಲೂ ಅಲ್ಲ. ತೇವ ಅಳೆಯುವ ಮೀಟರ್ ಇಟ್ಟು ನೋಡುವವರನ್ನು ಕರೆಸಿ.

ಇದನ್ನು ನಾನು ಕೈಯಿಂದ ದುಡ್ಡು ಕಳೆದುಕೊಂಡು ಕಲಿತೆ. ಶುರುವಿನ ವರ್ಷಗಳಲ್ಲಿ ಒಂದು ಮನೆಗೆ ಹೀಗೇ ಮುಹೂರ್ತದ ಅವಸರದಲ್ಲಿ ಹಾಸಿಕೊಟ್ಟೆ. ಸಂದು ಕಂಡರೆ ಬೈತಾರೆ ಅಂತ ಹಲಗೆಯನ್ನು ಗೋಡೆಗೆ ಒತ್ತಿಸಿಬಿಟ್ಟಿದ್ದೆ. ಜೋರು ಮಳೆ ಹಿಡಿದ ಮೇಲೆ ಫೋನ್ ಬಂತು. ಹೋಗಿ ನೋಡಿದರೆ ಕೋಣೆ ನಡುವೆ ಹಲಗೆ ಗುಬುಟಾಗಿ ಎದ್ದಿದೆ, ಬಾಗಿಲು ತೆಗೆಯೋಕೆ ಆಗ್ತಿಲ್ಲ. ಎಲ್ಲಾ ಕಿತ್ತು ನನ್ನ ಖರ್ಚಿನಲ್ಲೇ ಹೊಸದಾಗಿ ಹಾಕಿದೆ. ಆ ವರ್ಷ ಸಂಪಾದಿಸಿದ್ದು ಬಹಳ ಕಮ್ಮಿ ಬಿಡಿ.

ಪ್ರಶ್ನೆ: ಹಾಗಾದರೆ ಗೋಡೆ ಹತ್ತಿರ ಎಷ್ಟು ಸಂದು ಬಿಡಬೇಕು ಸರ್?

ಉತ್ತರ: 10ರಿಂದ 12 ಮಿಲಿಮೀಟರ್, ಸುತ್ತಲೂ. ಮರ ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕಿಲ್ಲ, ಅಗಲಕ್ಕೆ ಹಿಗ್ಗುತ್ತದೆ. ಸಂದನ್ನು ಸ್ಕರ್ಟಿಂಗ್, ಅಂದರೆ ಗೋಡೆಯ ಬುಡಕ್ಕೆ ಹೊಡೆಯುವ ಪಟ್ಟಿ, ಮುಚ್ಚುತ್ತದೆ. ಆದರೆ ಸ್ಕರ್ಟಿಂಗ್ ಮೊಳೆ ಗೋಡೆಗೆ ಹೋಗಬೇಕು, ಹಲಗೆಗಲ್ಲ. ಎಷ್ಟೋ ಹುಡುಗರು ಇಲ್ಲೇ ತಪ್ಪುವುದು.

ಪ್ರಶ್ನೆ: ಅಂಗಡಿಯವರು ಲ್ಯಾಮಿನೇಟ್ ತೋರಿಸಿ "ಇದೂ ಮರವೇ" ಅಂತಾರೆ. ನಿಜಾನಾ?

ಉತ್ತರ: ಮರದ ಪುಡಿ ಒತ್ತಿ ಮಾಡಿದ ಹಲಗೆ, ಅದರ ಮೇಲೆ ಮರದ ಫೋಟೋ. ಕಮ್ಮಿ ಬಜೆಟ್‌ಗೆ ತಪ್ಪೇನಿಲ್ಲ, ಆದರೆ ನೀರು ಕುಡಿದರೆ ಊದುತ್ತದೆ, ಉಜ್ಜಿ ಪಾಲಿಶ್ ಮಾಡೋಕೆ ಬರಲ್ಲ. ಎಂಜಿನಿಯರ್ಡ್ ಹಲಗೆ ಅಂತ ಇನ್ನೊಂದಿದೆ, ಅದರಲ್ಲಿ ಸಾಮಾನ್ಯವಾಗಿ ಕೆಳಗೆ ಪ್ಲೈವುಡ್, ಮೇಲೆ ನಿಜವಾದ ಮರ. ಆ ಮೇಲಿನ ಪದರ ಎಷ್ಟು ದಪ್ಪ ಅಂತ ಕೇಳಿ. 3–4 ಮಿಲಿಮೀಟರ್ ಇದ್ದರೆ ವರ್ಷಗಳ ನಂತರ ಉಜ್ಜಿ ಹೊಸದು ಮಾಡಬಹುದು. ಅರ್ಧ ಮಿಲಿಮೀಟರ್ ಅಂದರೆ ಉಜ್ಜಿದ ತಕ್ಷಣ ಪ್ಲೈ ಕಾಣುತ್ತದೆ.

ಪ್ರಶ್ನೆ: ಅಣ್ಣ, ನಮ್ಮದು ತೀರ್ಥಹಳ್ಳಿ ಕಡೆ. ಅಜ್ಜನ ಕಾಲದ ಅಟ್ಟದ ಹಲಗೆ ಕಿರುಗುಟ್ಟುತ್ತೆ. ಕಿತ್ತು ಲ್ಯಾಮಿನೇಟ್ ಹಾಕಿಸೋದಾ?

ಉತ್ತರ: ದಯವಿಟ್ಟು ಕೀಳಬೇಡಿ. ಅದು ದೊಡ್ಡ ಮರದ ಚೇಗಿನ (ಮರದ ಒಳಗಿನ ಗಟ್ಟಿ ಭಾಗದ) ಹಲಗೆ ಆಗಿದ್ದರೆ ಇವತ್ತು ಅಂಥದ್ದು ಸುಲಭಕ್ಕೆ ಸಿಗಲ್ಲ. ಅಟ್ಟದ ಹಲಗೆಗೆ ಮೇಲೂ ಕೆಳಗೂ ಗಾಳಿ ಆಡುತ್ತದೆ, ನೀರು ಒಂದೇ ಕಡೆ ಉಳಿಯಲ್ಲ. ಅದಕ್ಕೇ ಇಷ್ಟು ವರ್ಷ ಬಾಳಿಕೆ ಬಂದಿದೆ. ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಲ್ಯಾಮಿನೇಟ್ ಹೊದಿಸಿದರೆ ನೀವೇ ಉಸಿರು ಕಟ್ಟಿಸಿದ ಹಾಗೆ. ಮೊದಲು ತೊಲೆಗಳು ಗೋಡೆಯೊಳಗೆ ಸೇರುವ ತುದಿ ನೋಡಿ. ಸ್ಕ್ರೂಡ್ರೈವರ್‌ನಲ್ಲಿ ಚುಚ್ಚಿದಾಗ ಸಲೀಸಾಗಿ ಒಳಗೆ ಹೋದರೆ ಗೆದ್ದಲೋ ಕೊಳೆಯೋ ಇದೆ, ಬಡಗಿಯನ್ನು ಕರೆಸಿ. ಗಟ್ಟಿ ಇದ್ದರೆ ಸಡಿಲವಾದ ಹಲಗೆಗೆ ತೊಲೆಯ ಮೇಲೆ ಸ್ಕ್ರೂ ಬಿಗಿಸಿ. ಕಿರುಗುಟ್ಟುವುದು ಬಹುಪಾಲು ನಿಲ್ಲುತ್ತದೆ.

ಪ್ರಶ್ನೆ (ಮಂಗಳೂರಿನವರೇ): ಸರ್, ಗೃಹಪ್ರವೇಶದ ದಿನ ಬೆಡ್‌ರೂಮಲ್ಲಿ ಬರೀ ಸಿಮೆಂಟ್ ಕಾಣುತ್ತಲ್ಲ ಅಂತ ಅತ್ತೆಗೆ ಬೇಜಾರು.

ಉತ್ತರ: ಚಾಪೆ, ಜಮಖಾನ ಹಾಸಿ ಮೇಡಂ. ಅವತ್ತು ನೆಂಟರೆಲ್ಲ ಮಳೆಯಲ್ಲಿ ನೆನೆದ ಕಾಲಲ್ಲೇ ಮನೆ ತುಂಬಾ ಓಡಾಡ್ತಾರೆ, ಅಲ್ವಾ? ದೀಪಾವಳಿ ಕಳೆಯಲಿ, ಇನ್ನೊಂದು ಸಲ ಮೀಟರ್ ಇಟ್ಟು ನೋಡಿಸಿ. ಆಮೇಲೆ ಯಾವ ಮರ ಅಂತ ಕೇಳಿ, ಹೇಳ್ತೇನೆ.