ಪದಚರ್ಚೆ: ಹಬ್‌ಕ್ಯಾಪನ್ನು ‘ಬಿಚ್ಚುವುದೋ’ ‘ಮೀಟಿ ತೆಗೆಯುವುದೋ’?

ಮಾನ್ಯರೆ,

ಹಳೆಯ ಅಂಬಾಸಿಡರ್, ಪದ್ಮಿನಿಯಂತಹ ಕಾರುಗಳನ್ನು ಇಂದಿಗೂ ಜತನದಿಂದ ಇಟ್ಟುಕೊಂಡಿರುವ ಬೆಳಗಾವಿಯ ಕೆಲವರಿಗಾಗಿ ಗಾಲಿಗಳ ಆರೈಕೆಯ ಬಗ್ಗೆ ಕನ್ನಡದಲ್ಲಿ ಕಿರುಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಗಾಲಿಯ ನಡುಭಾಗಕ್ಕೆ ಅಂದಕ್ಕೆಂದು ಹಾಕುವ ಮುಚ್ಚಳವಾದ ಹಬ್‌ಕ್ಯಾಪನ್ನೂ ಅದರ ಸುತ್ತ ರಿಮ್ಮಿನ ಅಂಚಿಗೆ ಕೂರಿಸುವ ಅಲಂಕಾರದ ಬಳೆಯಾದ ಟ್ರಿಮ್ ರಿಂಗನ್ನೂ ತೆಗೆಯುವ ಭಾಗದಲ್ಲಿ ಯಾವ ಕ್ರಿಯಾಪದ ತಕ್ಕುದೆಂದು ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ನಮ್ಮ ಗ್ಯಾರೇಜುಗಳಲ್ಲಿ ನಟ್ಟಾಗಲಿ, ಗಾಲಿಯಾಗಲಿ, ಕ್ಯಾಪಾಗಲಿ ಎಲ್ಲದಕ್ಕೂ ‘ಬಿಚ್ಚು’ ಎಂದೇ ಹೇಳುತ್ತಾರೆ. ಪಾನಾ ಹಾಕಿ ತಿರುಗಿಸುವ ನಟ್ಟಿಗೆ ಅದು ಸರಿಯಾದ ಮಾತು. ಆದರೆ ಒತ್ತಿ ಕೂರಿಸುವ ಹಬ್‌ಕ್ಯಾಪಿಗೆ ನಟ್ಟೂ ಇಲ್ಲ, ಸ್ಕ್ರೂವೂ ಇಲ್ಲ. ಗಾಲಿಯ ಮೇಲಿನ ಉಬ್ಬುಗಳನ್ನೋ ಸ್ಪ್ರಿಂಗ್ ಕ್ಲಿಪ್ಪುಗಳನ್ನೋ ಅದರ ಅಂಚು ಕಚ್ಚಿಕೊಂಡಿರುತ್ತದೆ. ಚಪ್ಪಟೆ ತುದಿಯ ಸ್ಕ್ರೂಡ್ರೈವರಿಗೆ ಬಟ್ಟೆ ಸುತ್ತಿ, ಅಂಚಿನಡಿ ತೂರಿಸಿ, ಒಂದೆಡೆ ತುಸುವೇ ಎತ್ತಿ, ಪಕ್ಕಕ್ಕೆ ಸರಿದು ಮತ್ತೆ ತುಸು ಎತ್ತುತ್ತ ಸುತ್ತು ಬಂದರೆ ಅದು ತಾನಾಗಿ ಕೈಗೆ ಬರುತ್ತದೆ. ಒಂದೇ ಕಡೆ ಬಲ ಹಾಕಿದರೆ ತಗಡು ಬಾಗಿ, ಕ್ರೋಮ್ ಲೇಪ ಏಳುತ್ತದೆ. ಆದ್ದರಿಂದ ‘ಬಿಚ್ಚಿರಿ’ ಎಂದು ಬರೆದರೆ ಹೊಸಬರು ಇಲ್ಲದ ನಟ್ಟನ್ನು ಹುಡುಕುತ್ತಾರೆ, ‘ಕೀಳಿರಿ’ ಎಂದರೆ ಜಗ್ಗಿ ಹಾಳುಮಾಡುತ್ತಾರೆ. ಹಾರೆಯಿಂದ ಕಲ್ಲು ಎಬ್ಬಿಸುವಾಗ ನಾವು ಹೇಳುವ ‘ಮೀಟು’ ಎಂಬುದೇ ಇಲ್ಲಿ ಕೆಲಸದ ಬಗೆಯನ್ನು ಸರಿಯಾಗಿ ತಿಳಿಸುತ್ತದೆಂದು ನನಗೆ ಅನಿಸುತ್ತದೆ. ತಂತಿಯ ಅರಗಳಿರುವ ಗಾಲಿಗಳನ್ನು ನಡುವೆ ಬಿಗಿಯುವ, ರೆಕ್ಕೆಯಂತೆ ಚಾಚಿದ ಕಿವಿಗಳುಳ್ಳ ರೆಕ್ಕೆನಟ್ಟಿನ ಮಾತು ಬೇರೆ. ತಾಮ್ರ ಅಥವಾ ಸೀಸದ ಸುತ್ತಿಗೆಯಿಂದ ಬಡಿದು ತಿರುಗಿಸುವ ಅದನ್ನು ‘ಬಿಚ್ಚು’ವುದೇ ಸರಿ.

ಟ್ರಿಮ್ ರಿಂಗ್ ತನ್ನ ಹಿಂಬದಿಯ ಕ್ಲಿಪ್ಪುಗಳಿಂದ ರಿಮ್ಮಿಗೆ ಹಿಡಿದುಕೊಂಡಿರುತ್ತದೆ. ಅದನ್ನು ಕ್ಲಿಪ್ ಇರುವ ಜಾಗದ ಹತ್ತಿರವೇ ಮೀಟಬೇಕು, ಗಾಳಿ ತುಂಬುವ ವಾಲ್ವಿಗೆ ಪೆಟ್ಟು ಬೀಳದಂತೆ ನೋಡಿಕೊಳ್ಳಬೇಕು. ಇದಕ್ಕೆ ‘ಅಂಚುಬಳೆ’ ಎಂಬ ಪದ ಹೊಂದೀತೆ?

ಹಬ್‌ಕ್ಯಾಪಿನ ಹೆಸರು ಇನ್ನೂ ತೊಡಕಿನದು. ಚಕ್ಕಡಿಯ ಗಾಲಿಯ ನಡುಭಾಗಕ್ಕೆ ‘ಗುಂಬ’ ಎಂಬ ಮಾತು ಇರುವುದರಿಂದ ‘ಗುಂಬದ ಮುಚ್ಚಳ’ ಎನ್ನಬಹುದೆಂದು ಮೊದಲು ಯೋಚಿಸಿದ್ದೆ. ಆದರೆ ಮುಂದಿನ ಗಾಲಿಯಲ್ಲಿ ಹಬ್‌ಕ್ಯಾಪಿನ ಒಳಗೆ, ಬೇರಿಂಗಿನ ಗ್ರೀಸಿಗೆ ಧೂಳು ಸೇರದಂತೆ ಕಾಯುವ ಇನ್ನೊಂದು ಸಣ್ಣ ಮುಚ್ಚಳವಿರುತ್ತದೆ, ಮತ್ತು ಈ ಹೆಸರು ನಿಜವಾಗಿ ಸಲ್ಲುವುದು ಅದಕ್ಕೇ. ಅಂದಕ್ಕೆಂದು ಹಾಕಿದ ಹೊರಮುಚ್ಚಳವನ್ನು ತೆಗೆಯಹೊರಟವರು ಹೆಸರು ನಂಬಿ ಇದಕ್ಕೂ ಕೈ ಹಾಕಿದರೆ ಬೇರಿಂಗಿಗೇ ಕುತ್ತು. ಹೀಗಾಗಿ ಸದ್ಯಕ್ಕೆ ಹೊರಗಿನದನ್ನು ‘ಹಬ್‌ಕ್ಯಾಪ್’ ಎಂದೇ ಉಳಿಸಿ, ಒಳಗಿನದನ್ನು ‘ಗ್ರೀಸ್ ಮುಚ್ಚಳ’ ಎಂದು ಬರೆದಿದ್ದೇನೆ.

ಬಾಗಲಕೋಟೆ, ವಿಜಯಪುರದ ಕಡೆಯ ಮೇಸ್ತ್ರಿಗಳು ಈ ಎರಡನ್ನೂ ಬೇರೆಬೇರೆ ಹೆಸರಿನಿಂದ ಕರೆಯುವುದನ್ನು ಕೇಳಿದವರಿದ್ದರೆ, ಆ ಪದಗಳನ್ನು ಅವರು ಆಡುವ ವಾಕ್ಯದೊಂದಿಗೇ ಬರೆದು ತಿಳಿಸಬೇಕಾಗಿ ವಿನಂತಿ.